ತಲೆಕೆಳಗಿನ ನಂಬರು

ಗೋಕುಲ ರೋಡಿನ ಕೊನೆಗೆ, ರನ್‌ವೇ ಬೇಲಿಗೆ ಆತುಕೊಂಡು ನಮ್ಮ ಹ್ಯಾಂಗರು.
ಎರಡು ತರಬೇತಿ ವಿಮಾನ, ಒಂದು ಏಣಿ, ಮೂರು ಟ್ಯಾಬ್ಲೆಟ್ಟು,
ಮತ್ತೆ ಹದಿನಾಲ್ಕು ಲಾಗ್‌ಬುಕ್ಕು.
ಅವುಗಳ ಬೆನ್ನಿಗೆ ಎರೆಮಣ್ಣಿನ ಧೂಳು, ಎಣ್ಣೆಯ ಹೆಬ್ಬೆಟ್ಟು.
ಅವನ್ನೆಲ್ಲ ಪರದೆಯೊಳಗೆ ಇಳಿಸುವುದು ನನ್ನ ನೌಕರಿ.

ಬೆಳಗ್ಗೆ ಒಂಬತ್ತಕ್ಕೆ ಕೂತರೆ
ಸಂಜೆಯೊಳಗೆ ಎರಡು ತಿಂಗಳು ದಾಟುತ್ತೇನೆ.
ಇಂಥ ದಿನ ಟೈರು. ಇಂಥ ದಿನ ಎಣ್ಣೆ.
ಒಂದು ಪುಟದ ಅಂಚಿಗೆ ಯಾರೋ ಗಿರ್ಮಿಟ್ಟಿನ ಲೆಕ್ಕ ಬರೆದಿದ್ದಾರೆ:
ಆರು ಪ್ಲೇಟು, ಎರಡು ಮಿರ್ಚಿ, ಉದ್ರಿ.
ಅದಕ್ಕೆ ಕಾಲಂ ಇಲ್ಲ. ಬಿಟ್ಟೆ.

ಮಂಗಳವಾರ ಪರದೆ ಕೆಂಪಾಯಿತು.
ಎರಡನೇ ವಿಮಾನ, ನಾವು ಕ್ಯೂಬೆಕ್ ಅನ್ನುವುದು,
ಅದರ ಎಡಗಡೆಯ ಮ್ಯಾಗ್ನೆಟೋ:
ಪುಸ್ತಕದ ನೀಲಿ ಶಾಯಿ ಹೇಳುತ್ತದೆ 119.
ಉಗ್ರಾಣದ ರಸೀದಿ ಹೇಳುತ್ತದೆ 611.
119 ಎಲ್ಲಿಂದ ಬಂತು, ದಾಖಲೆ ಇಲ್ಲ.
611 ಎಲ್ಲಿಗೆ ಹೋಯಿತು, ದಾಖಲೆ ಇಲ್ಲ.
ಲೆಕ್ಕದ ಪ್ರಕಾರ ಹುಟ್ಟೇ ಇಲ್ಲದ್ದೊಂದು
ನಾಲ್ಕು ನೂರಾ ಹನ್ನೆರಡು ತಾಸು ಹಾರಿದೆ,
ಹುಟ್ಟಿದ್ದು ಕಪಾಟಿನಲ್ಲಿ ಸೊನ್ನೆ ತಾಸು ಮಲಗಿದೆ.
ಕಪಾಟು ತೆಗೆದು ನೋಡಿದೆ. ಒಂದು ಹಲ್ಲಿ, ಒಂದು ಖಾಲಿ ಡಬ್ಬಿ.

ಕ್ಯೂಬೆಕ್ಕಿನ ಮೂಗಿಗೆ ಕೆಂಪು ಪಟ್ಟಿ ಕಟ್ಟಿದರು.
ಹಾರಬೇಕಿದ್ದ ಹುಡುಗ ಹೆಡ್‌ಸೆಟ್ ಕೊರಳಲ್ಲಿ ಇಟ್ಟುಕೊಂಡೇ
ಚಹಾಕ್ಕೆ ಹೋದ.

ನೀಲಿ ಶಾಯಿ ನದಾಫ ಚಾಚಾನದು.
ಇಮಾಮಸಾಬ ನದಾಫ, ಹಳೇ ಹುಬ್ಬಳ್ಳಿ, ನಿವೃತ್ತಿಗೆ ಏಳು ತಿಂಗಳು.
ಅವರಪ್ಪ ಅರಳೆ ಹಿಂಜುತ್ತಿದ್ದರಂತೆ,
ಬಿಲ್ಲಿನ ತಂತಿಯ ದನಿ ಕೇಳಿಯೇ
ಹಸಿಯೋ ಒಣಗಿದ್ದೋ ಹೇಳುತ್ತಿದ್ದರಂತೆ.
ಚಾಚಾ ಇಂಜಿನ್ನಿಗೆ ಕಿವಿ ಕೊಡುವುದೂ ಹಾಗೇ, ಕಣ್ಣು ಮುಚ್ಚಿ.

"ನಾ ಬರದದ್ದು ತಪ್ಪ?" ಅಂದರು.
"ಬ್ಯಾಟ್ರಿ ಹಲ್ಲಾಗ ಹಿಡಕೊಂಡು ಓದೇನವಾ.
ಒಂದು, ಒಂದು, ಒಂಬತ್ತು.
ಹೇಳು ನಿನ್ನ ಪಾಟಿಗೆ."
ಪಾಟಿ ಅಂದರೆ ಸ್ಲೇಟು. ಟ್ಯಾಬ್ಲೆಟ್ಟಿಗೆ ಅವರಿಟ್ಟ ಹೆಸರು.

ಪಾಟಿಗೆ ನೆನಪು ಬೇಡ, ನಂಬರು ಬೇಕು.
ನನಗೆ ಗೊತ್ತಿದ್ದದ್ದು ಇಷ್ಟೇ: ಈ ಮನುಷ್ಯ
ಕಾಣದ್ದನ್ನು ಕಂಡೆ ಅಂತ ಬರೆಯುವವರಲ್ಲ.

ಮಧ್ಯಾಹ್ನ ಕೌಲಿಂಗ್ ಬಿಚ್ಚಿದರು.
ಅವತ್ತು ಹೇಗೆ ಮಲಗಿದ್ದಿರಿ, ಕೇಳಿದೆ.
ತಟ್ಟು ಹಾಸಿ ತೋರಿಸಿದರು:
ಮೂಗಿನ ಗಾಲಿಯ ಪಕ್ಕ, ತಲೆ ಬಾಲದ ಕಡೆ.
ದುಪಟ್ಟಾ ಸೊಂಟಕ್ಕೆ ಬಿಗಿದು ನಾನೂ ಹಾಗೇ ಮಲಗಿದೆ.
ಕೆನ್ನೆಗೆ ಒಂದು ಹನಿ ಎಣ್ಣೆ.
ಕೊಳವೆಗಳ ಸಂದಿಯಲ್ಲಿ ಉಗುರಿನಷ್ಟು ತಗಡು:
ಒಂದು, ಒಂದು, ಒಂಬತ್ತು.

ಎದ್ದು ಏಣಿ ಹತ್ತಿ ಮೇಲಿನಿಂದ ಬಗ್ಗಿದೆ.
ಅದೇ ತಗಡು.
ಆರು, ಒಂದು, ಒಂದು.

ಕುಂದಗೋಳದ ಕಡೆಯ ಗಾಳಿ
ವಿಂಡ್‌ಸಾಕಿನ ಬಾಯಿ ತೆರೆದು ನೋಡಿ ಹೋಯಿತು.
ಚಾಚಾ ಹತ್ತಿದರು, ಇಳಿದರು, ಮಲಗಿದರು, ಮತ್ತೆ ಹತ್ತಿದರು.
"ಒಂದೂವರಿ ವರ್ಷ ತಲಿಕೆಳಗ," ಅಂದರು.
ಆಮೇಲೆ, ಮೆಲ್ಲಗೆ: "ಹುಡುಗೂರು ಹಾರ್ಯಾರ ಇದರಾಗ."

ಐನೂರು ತಾಸಿನ ತಪಾಸಣೆಗೆ ಎಂಬತ್ತೆಂಟು ಉಳಿದಿತ್ತು.
ಉಳಿದಿತ್ತು ಅನ್ನುವುದೂ ನಮಗೆ ಈಗ ಗೊತ್ತಾದದ್ದು.

ತಿದ್ದುವುದಕ್ಕೆ ಕಾಗದದಲ್ಲಿ ಒಂದೇ ಗೆರೆ,
ಗೆರೆಯ ಕೆಳಗಿನದು ಓದುವಂತಿರಬೇಕು.
ಪಾಟಿ ಕಾರಣ ಕೇಳಿತು.
ಟೈಪಿನ ತಪ್ಪೇ? ಕಾಗದ ಕಳೆದಿದೆಯೇ? ಬಿಡಿಭಾಗ ಬದಲಾಗಿದೆಯೇ?
ನಾನು ಒತ್ತಿದ್ದು: ಇತರೆ.
ಎಂಬತ್ತು ಅಕ್ಷರದ ಜಾಗ. ಬರೆದೆ:
ಓದಿದ್ದು ಸರಿ. ಮಲಗಿದ್ದು ಆಚೆ ಕಡೆ.

ಸಹಿಗೆ ಹೆಬ್ಬೆಟ್ಟು ಬೇಕು.
ಪೆಟ್ರೋಲಿನಲ್ಲಿ ತೊಳೆದೂ ತೊಳೆದೂ ಗೆರೆ ಸವೆದದ್ದು
ಮೂರನೇ ಸಲಕ್ಕೆ ಹತ್ತಿತು. ಹಸಿರು.

ಹುಡುಗನನ್ನು ಕರೆಯಲು ಯಾರೋ ಹೋದರು.
ಚಾಚಾ ಪಾಟಿಯನ್ನು ಕೈಗೆ ತಗೊಂಡು
ತಲೆಕೆಳಗು ಮಾಡಿ ಹಿಡಿದರು.
ಅಕ್ಷರಗಳು ತಾವೇ ತಿರುಗಿ ನೆಟ್ಟಗೆ ನಿಂತವು.
ಮತ್ತೊಮ್ಮೆ ತಿರುಗಿಸಿದರು.
ಮತ್ತೊಮ್ಮೆ.